ಬಿಳಿ ಸೆರಗಿನ ಮಾತು

ಭೂಮಿ, ಕೂಲಿ, ಕೆರೆನೀರು ಎಲ್ಲದರ ಬಗ್ಗೆಯೂ ಬಾಯಿ ಬಿಟ್ಟಿದ್ದೇವೆ. ತೊಡೆಸಂದಿಯ ಉರಿಯ ಬಗ್ಗೆ ಮಾತ್ರ ಬಿಟ್ಟಿಲ್ಲ. ಬಿಟ್ಟರೆ ಗಂಡಸರು ಮುಖ ತಿರುಗಿಸ್ತಾರೆ ಅನ್ನೋ ಅಂಜಿಕೆ. ತಿರುಗಿಸಲಿ.

ನಾವು ನಾಟಿ ಹಾಕೋ ಹೆಂಗಸರು. ಬೆಳಿಗ್ಗೆ ಕೆಸರಿಗಿಳಿದರೆ ಹೊತ್ತು ಮುಳುಗೋವರೆಗೂ ಸೊಂಟದ ತನಕ ಒದ್ದೆ. 2019ರ ಮಳೆಗಾಲದಲ್ಲಿ ನಮ್ಮಲ್ಲೊಬ್ಬಳು ಆರು ತಿಂಗಳ ಬಸುರಿ. ಬಾಗಿ ಪೈರು ನೆಡುತ್ತಿದ್ದವಳು ಎದ್ದು ಹೋಗಿ ಬದುವಿನ ಮೇಲೆ ಕುಂತಳು. ಏನಾಯ್ತೆ ಅಂದರೆ ಮಾತಿಲ್ಲ, ಕಣ್ಣಲ್ಲಿ ನೀರು. ಸಂಜೆ ಹೇಳಿದಳು: “ಒಳಗೆ ಬೆಂಕಿ ಇಟ್ಟಂಗೆ ಉರೀತದೆ ಕಣ್ರವ್ವ. ಉಚ್ಚೆ ಹುಯ್ಯೋಕೂ ಆಯ್ತಿಲ್ಲ. ಮೊಸರು ಒಡೆದಂಗೆ ಬಿಳೀದು ಬೀಳ್ತದೆ.”

ಹದಿನೈದು ದಿನ ನುಂಗಿಕೊಂಡಿದ್ದಳು. ಅತ್ತೆ ಉಷ್ಣ ಅಂದು ಎಳನೀರು ಕುಡಿಸಿದ್ದಳು. ಗಂಡ “ಎಲ್ಲಿಂದ ತಂದ್ಯೆ ಈ ಸೀಕು” ಅಂದಿದ್ದ. ಆ ಮಾತಿಗೆ ಹೆದರಿ ಬಟ್ಟೆ ಸೋಪಿನಿಂದ ಒಳಗೆಲ್ಲ ತಿಕ್ಕಿದ್ದಳು. ತೊಳೆದಷ್ಟೂ ಉರಿ ಹೆಚ್ಚಿತ್ತು. ಅವಳು ಹೇಳಿದ ಮೇಲೆ ಬದುವಿನ ಮೇಲೆ ಒಬ್ಬೊಬ್ಬಳೇ “ನಂಗೂ ಆಗಿತ್ತು” ಅಂದಳು. ಸುಮಾರು ನಾಲ್ವರಲ್ಲಿ ಮೂವರು ಹೆಂಗಸರಿಗೆ ಬದುಕಿನಲ್ಲಿ ಒಮ್ಮೆಯಾದರೂ ಬರುವಂಥದ್ದನ್ನು ನಾವು ಒಬ್ಬೊಬ್ಬರೇ ಬಚ್ಚಿಟ್ಟುಕೊಂಡಿದ್ದೆವು!

ಇದು ಹಾದರದ ರೋಗವಲ್ಲ. ಬೂಷ್ಟು, ಪುಸ್ತಕದ ಮಾತಲ್ಲಿ ಶಿಲೀಂಧ್ರ, ಕ್ಯಾಂಡಿಡಾ ಅಂತ ಹೆಸರು. ಬಹಳ ಹೆಂಗಸರ ಮೈಯಲ್ಲಿ ಸುಮ್ಮನೆ ಇರುತ್ತದೆ. ಒಳಗಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಅದನ್ನು ಅಂಕೆಯಲ್ಲಿಟ್ಟಿರುತ್ತವೆ. ಬೇರೆ ಕಾಯಿಲೆಗೆ ನುಂಗಿದ ಆಂಟಿಬಯಾಟಿಕ್ ಮಾತ್ರೆ ಆ ಕಾವಲುಗಾರರನ್ನೂ ಕೊಲ್ಲುತ್ತದೆ. ನಮ್ಮವಳು ಹಿಂದಿನ ತಿಂಗಳಷ್ಟೇ ಜ್ವರಕ್ಕೆ ಅಂಥ ಮಾತ್ರೆ ನುಂಗಿದ್ದಳು. ಸಾಲದ್ದಕ್ಕೆ ಬಸಿರಲ್ಲಿ ಈಸ್ಟ್ರೋಜನ್ ಹಾರ್ಮೋನು ಏರಿ ಒಳಗೋಡೆಯಲ್ಲಿ ಸಕ್ಕರೆಯಂಶ ಹೆಚ್ಚುತ್ತದೆ, ಬೂಷ್ಟಿಗೆ ಹಬ್ಬ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯಲ್ಲೂ ಹೀಗೇ.

ಬೂಷ್ಟು ಜಾತಿ ಕೇಳಿ ಬರೋದಿಲ್ಲ, ಒಡೆಯರ ಮನೆ ಹೆಂಗಸಿಗೂ ಬರುತ್ತೆ. ಆದರೆ ಅವಳಿಗೆ ಬಾಗಿಲಿರೋ ಬಚ್ಚಲಿದೆ, ಒಣಗಿದ ಸೀರೆ ಇದೆ. ನಮಗೆ ಒಳಬಟ್ಟೆ ಬಿಸಿಲಲ್ಲಿ ಒಣಗಿಸಿ ಅಂತಾರೆ. ಎಲ್ಲಿ? ಗಂಡಸರ ಚಡ್ಡಿ ಹಗ್ಗದ ಮೇಲೆ ಬಾವುಟದ ಹಾಗೆ ಹಾರಾಡುತ್ತೆ. ನಮ್ಮದು ಸೀರೆ ಕೆಳಗೆ, ಮೂಲೆಯ ಕತ್ತಲಲ್ಲಿ ಬಚ್ಚಿಟ್ಟುಕೊಂಡು ಅರೆಹಸಿಯಾಗೇ ಇರಬೇಕು. ಅದನ್ನೇ ಉಟ್ಟು ಮತ್ತೆ ಕೆಸರಿಗೆ.

ಮೆಡಿಕಲ್ ಅಂಗಡಿಯವನು ನುಂಗೋಕೆ ಒಂದೇ ಮಾತ್ರೆ ಕೊಟ್ಟ. ಕೇರಿಯ ಆಶಾ ಅದನ್ನು ಕಿತ್ತುಕೊಂಡಳು. ಫ್ಲುಕೋನಝೋಲ್, 150 ಮಿಲಿಗ್ರಾಂ. ಬಸುರಿಯಲ್ಲದವಳಿಗೆ ಡಾಕ್ಟರು ಕೊಡುವಂಥದ್ದು, ಬಸುರಿಗೆ ತಕ್ಕುದಲ್ಲ. ಆಸ್ಪತ್ರೆಯಲ್ಲಿ ಕ್ಲೋಟ್ರಿಮಝೋಲ್ ಕೊಟ್ಟರು, ಒಳಗೆ ಇಟ್ಟುಕೊಳ್ಳೋ ಮಾತ್ರೆ, ಏಳು ರಾತ್ರಿ. ಮೂರನೇ ದಿನ ಉರಿ ತಗ್ಗಿತು, ಬಿಟ್ಟುಬಿಡ್ತೀನಿ ಅಂದಳು. ಆಶಾ ಬಿಡಲಿಲ್ಲ. ಹೊಟ್ಟೆಯ ಕೂಸಿಗೆ ಸಾಮಾನ್ಯವಾಗಿ ಇದರಿಂದ ಕೇಡಿಲ್ಲ. ಹೆರಿಗೆಯಲ್ಲಿ ಅಂಟಿಕೊಂಡರೆ ಕೂಸಿನ ಬಾಯಲ್ಲಿ ಬಿಳಿ ಅಗ್ರ ಕಟ್ಟಬಹುದು, ಅದಕ್ಕೂ ಔಷಧಿ ಇದೆ.

ಬಿಳಿ ಹೋದದ್ದೆಲ್ಲ ಇದೇ ಅಲ್ಲ, ಮತ್ತೆ. ಬಸಿರಲ್ಲಿ ತೆಳ್ಳಗೆ, ತುರಿಕೆಯಿಲ್ಲದೆ, ನಾತವಿಲ್ಲದೆ ಹೋಗೋದು ಸಹಜ. ಮೀನಿನ ವಾಸನೆ, ಹಸಿರು ಹಳದಿ ಬಣ್ಣ ಇದ್ದರೆ ಅದು ಬೇರೆ ಸೋಂಕು, ಔಷಧಿಯೂ ಬೇರೆ. ರಕ್ತ, ಜ್ವರ, ಕಿಬ್ಬೊಟ್ಟೆ ನೋವು, ನೀರು ಹೋಗೋದು ಕಂಡರೆ ಬೆಳಗಾಗೋದನ್ನು ಕಾಯಬೇಡಿ. ಒಳಗೆ ಸೋಪು, ಡೆಟಾಲು ಬೇಡ. ಹೊರಗಷ್ಟೇ ಬರೀ ನೀರಲ್ಲಿ, ಮುಂದಿನಿಂದ ಹಿಂದಕ್ಕೆ ತೊಳೆದರೆ ಸಾಕು. ಹತ್ತಿ ಬಟ್ಟೆ ಇರಲಿ, ಒದ್ದೆಯಾದರೆ ಬದಲಿಸಿ. ಮೇಷ್ಟ್ರುಗಳೇ, ದೊಡ್ಡ ಹುಡುಗಿಯರ ಪಾಠದಲ್ಲಿ ಈ ಪುಟ ಹಾರಿಸಬೇಡಿ.

ಬದಲಿಸೋಕೆ ಜಾಗ ಬೇಕಲ್ಲ. ಗದ್ದೆಯವನನ್ನು ಪಂಪ್‌ಸೆಟ್ ಮನೆಯ ಬೀಗದ ಕೈ ಕೇಳಿದೆವು. ನಕ್ಕ. ಮಾರನೇ ದಿನ ಹನ್ನೊಂದು ಜನವೂ ಬದುವಿನ ಮೇಲೇ ಕುಂತೆವು. ಪೈರು ಬಾಡತೊಡಗಿತು, ಬೀಗದ ಕೈ ಬಂತು.

ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಪುಕ್ಕಟೆ ತಪಾಸಣೆ, 2016ರಿಂದ. ಆ ಸಲ ಅವಳ ಜೊತೆ ನಾಲ್ವರು ಹೋದೆವು, ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿದೆವು. ಗಂಡನನ್ನೂ ಎಳಕೊಂಡು ಹೋಗಿದ್ದೆವು. ಹಾದರದ್ದಲ್ಲ ಕಣಪ್ಪ ಅಂತ ನರ್ಸಮ್ಮ ಬಿಡಿಸಿ ಹೇಳಿದ್ದನ್ನು ಅವನು ನೆಲ ನೋಡ್ತಾ ಕೇಳಿಸಿಕೊಂಡ.