ಹಾಲೆಮರದ ಬಂಧು, ಮರದ ಪೆನ್ನು

ಪೊಳಲಿಯ ಚೆಂಡಿನ ಜಾತ್ರೆಗೆ ಹೋದವರು ಕಲ್ಲಂಗಡಿ ಹಣ್ಣು ಹೊತ್ತು ಮರಳುವುದು ರೂಢಿ. ಮಕ್ಕಳ ಕಣ್ಣು ಮಾತ್ರ ಆಟಿಕೆ ಅಂಗಡಿಯ ಮೇಲೆಯೇ. ಅಲ್ಲಿ ಕೆಂಪು, ಹಳದಿ ಪಟ್ಟೆಯ ಮರದ ಪೆನ್ನೊಂದು ಸಿಕ್ಕಿತೆನ್ನಿ. ಮನೆಗೆ ಬಂದ ಹುಡುಗ ಮೊದಲು ಮಾಡುವ ಕೆಲಸ ಬರೆಯುವುದಲ್ಲ, ಅದನ್ನು ಬಿಚ್ಚುವುದು. "ತಂದದ್ದನ್ನೆಲ್ಲ ಹಾಳು ಮಾಡ್ತಿಯಾ?" ಎಂದು ಅಮ್ಮ ಗದರುವುದೂ ಆಗಲೇ. ಆದರೆ ಅದು ಬಿಚ್ಚಿಯೇ ನೋಡಬೇಕಾದ ವಸ್ತು.

ಇಂಥ ಬಣ್ಣದ ಮರಗೆಲಸಕ್ಕೆ ಹೆಸರಾದ ಊರು ಚನ್ನಪಟ್ಟಣ. ಬೊಂಬೆ ಕಡೆಯುವ ಕೈಗಳೇ ಅಲ್ಲಿ ಪೆನ್ನನ್ನೂ ಕಡೆಯುತ್ತವೆ. ತೇಗ, ಬೀಟೆಗಳಂಥ ದೊಡ್ಡ ಹೆಸರಿನ ಮರ ಅದಕ್ಕೆ ಬೇಕಿಲ್ಲ. ಬೇಕಾದದ್ದು ಬಿಳಿಚು ಬಣ್ಣದ, ಒತ್ತಾದ ಎಳೆಯ ಆಲೆಮರ. ಉಳಿ ಹಿಡಿದರೆ ಸಿಗಿಯುವುದಿಲ್ಲ, ಬಣ್ಣ ಹಚ್ಚಿದರೆ ಮಂಕಾಗುವುದಿಲ್ಲ. ಇದು ಕಣಗಿಲೆಯ ಕುಟುಂಬಕ್ಕೆ ಸೇರಿದ ಮರ. ಆಟಿ ಅಮಾವಾಸ್ಯೆಯ ಮುಂಜಾನೆ ತುಳುನಾಡಿನ ಮನೆಮನೆಯಲ್ಲಿ ಯಾವ ಮರದ ತೊಗಟೆಯ ಕಹಿ ಕಷಾಯವನ್ನು ಮಕ್ಕಳು ಮೂಗು ಮುಚ್ಚಿ ಕುಡಿಯುತ್ತಾರೋ ಆ ಹಾಲೆ, ತುಳುವಿನ ಪಾಲೆ, ಇದೇ ಕುಟುಂಬದ್ದು. ಅದರ ಶಾಸ್ತ್ರೀಯ ಹೆಸರು ಅಲ್‌ಸ್ಟೋನಿಯಾ ಸ್ಕೊಲಾರಿಸ್. ಹಿಂದೆ ಶಾಲಾ ಮಕ್ಕಳು ಬರೆಯುವ ಹಲಗೆಗಳನ್ನು ಅದರಿಂದ ಮಾಡುತ್ತಿದ್ದರು, ಅದಕ್ಕೇ 'ಸ್ಕೊಲಾರಿಸ್'. ಒಂದು ಮರ ಹಲಗೆಯಾಯಿತು, ಅದರ ಬಂಧು ಪೆನ್ನಾಯಿತು!

ಕಡಿದ ಮರವನ್ನು ಕೂಡಲೇ ಲೇತಿಗೆ ಏರಿಸುವಂತಿಲ್ಲ. ತಿಂಗಳುಗಟ್ಟಲೆ ಒಣಗಬೇಕು. ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದು ತೀರಾ ಕಡಿಮೆ, ಅಡ್ಡಕ್ಕೆ ಹೆಚ್ಚು. ಅಡ್ಡಕ್ಕೂ ಎಲ್ಲ ದಿಕ್ಕಿನಲ್ಲಿ ಒಂದೇ ಸಮ ಅಲ್ಲ. ಬೆಳವಣಿಗೆಯ ಉಂಗುರಗಳ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು. ಹಸಿ ಮರಕ್ಕೆ ಗುಂಡಗೆ ಕೊರೆದ ತೂತು ಒಣಗಿದ ಮೇಲೆ ಮೊಟ್ಟೆಯಾಕಾರಕ್ಕೆ ತಿರುಗಿ ರಿಫಿಲ್ಲನ್ನು ಹಿಡಿದುಕೊಳ್ಳುವುದು ಇದರಿಂದಲೇ. ಕರಾವಳಿಯ ಮಳೆಗಾಲದಲ್ಲಿ ಬಾಗಿಲು ಉಬ್ಬಿ ಅಂಟಿಕೊಳ್ಳುವುದಿಲ್ಲವೇ, ಅದರದೇ ತಿರುಗುಮುರುಗು. ಈಗಿನ ಪೆನ್ನು ಕಡೆಯುವವರಲ್ಲಿ ಹಲವರು ತೂತಿನೊಳಗೆ ಹಿತ್ತಾಳೆಯ ಕೊಳವೆ ಅಂಟಿಸಿಯೇ ಮುಂದಿನ ಕೆಲಸ ಹಿಡಿಯುತ್ತಾರೆ.

ಬಣ್ಣ ಹಚ್ಚುವುದನ್ನಂತೂ ನೋಡಿಯೇ ತಿಳಿಯಬೇಕು. ಕುಂಚವಿಲ್ಲ, ಒಲೆಯಿಲ್ಲ. ಗಿರಗಿರನೆ ಸುತ್ತುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಚಳಿಗೆ ಅಂಗೈ ಉಜ್ಜಿದಾಗ ಬಿಸಿಯಾಗುತ್ತದಲ್ಲ, ಅದೇ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಅರಗು ಮೆತ್ತಗಾಗಿ ಕರಗಲು 75-80 ಡಿಗ್ರಿ ಸೆಲ್ಸಿಯಸ್ ಸಾಕು. ಮುತ್ತುಗ, ಬೋರೆ ಮರಗಳ ಕೊಂಬೆಗಳಲ್ಲಿ ಪುಟ್ಟ ಕೀಟ ಸ್ರವಿಸುವ ರಾಳ ಅದು. ಕೊನೆಗೆ ಕೇದಗೆಯ ಒಣ ಓಲೆಯನ್ನು ಒತ್ತಿದರೆ ಕನ್ನಡಿಯಂಥ ಹೊಳಪು. ಅಷ್ಟಮಿಗೆ ಮೂಡೆ ಕಟ್ಟುವ ಓಲೆಯೂ ಇದೇ ಜಾತಿಯದು.

ಪೆನ್ನಿಗೆ ಮರವೇ ಆಗಬೇಕೆಂದಿಲ್ಲ. ರಾಜಮಹೇಂದ್ರಿಯ ಕೆ.ವಿ. ರತ್ನಂ ಎಬೊನೈಟ್ ಸರಳುಗಳನ್ನು ಕಡೆದು ಸ್ವದೇಶಿ ಪೆನ್ನು ಮಾಡಿದರು. 1935ರಲ್ಲಿ ಗಾಂಧೀಜಿ ಮೆಚ್ಚಿ ಪತ್ರ ಬರೆದರು. ರಬ್ಬರಿಗೆ ಹೇರಳವಾಗಿ ಗಂಧಕ ಬೆರೆಸಿ ಕಾಯಿಸಿದರೆ ಎಬೊನೈಟ್. ಕಡೆಯುವಾಗ ಗಂಧಕದ ವಾಸನೆ ಮೂಗಿಗೆ ಹೊಡೆಯುತ್ತದೆ.

ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಕಡಿಮೆ ಬಂದ ಹುಡುಗನನ್ನು ಐಟಿಐಯ ಟರ್ನರ್ ತರಬೇತಿಗೆ ಕಳಿಸುವಾಗ ಎಷ್ಟೋ ತಂದೆತಾಯಂದಿರು ನೆಂಟರೆದುರು ದನಿ ತಗ್ಗಿಸುತ್ತಾರೆ. ಉಳಿಯ ಕೋನ ಕೊಂಚ ತಪ್ಪಿದರೂ ಮರ ಕಿತ್ತು ಬರುತ್ತದೆ. ಕೂದಲೆಳೆಯಷ್ಟು ಉಬ್ಬುತಗ್ಗನ್ನು ಬೆರಳ ತುದಿಯಲ್ಲಿ ಅರಿಯುವವನಿಗೆ ಬುದ್ಧಿ ಕಡಿಮೆ ಎಂದು ಯಾವ ಅಂಕಪಟ್ಟಿ ಹೇಳೀತು? ಕಮಾನಿನಿಂದ ಎಳೆಯುವ ಹಳೆಯ ಲೇತಿನಲ್ಲಿ ಮರ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸುತ್ತುತ್ತಿತ್ತು. ಉಳಿ ಕೊರೆಯುವುದು ಒಂದೇ ದಿಕ್ಕಿನಲ್ಲಿ. ಆ ತಾಳ ಪುಸ್ತಕ ಓದಿ ಬರುವಂಥದ್ದಲ್ಲ.

ತೋಟದ ಮುದಿ ತೆಂಗು ಉರುಳಿದಾಗ ಹೊರಭಾಗದ ಒಂದು ತುಂಡನ್ನು ಎತ್ತಿಡಬಹುದು. ತೆಂಗಿಗೆ ಉಂಗುರಗಳಿಲ್ಲ, ಇರುವುದು ಕಂದು ನಾರಿನ ಕಟ್ಟುಗಳು. ಒಳಗು ಮೆದು, ಹೊರಗು ಗಟ್ಟಿ. ಚೆನ್ನಾಗಿ ಒಣಗಿಸಿ ಹತ್ತಿರದ ಲೇತ್ ಕೆಲಸದವರಿಗೆ ಕೊಟ್ಟರೆ ಚುಕ್ಕೆ ಚುಕ್ಕೆಯ ಪೆನ್ನೊಂದು ಹುಟ್ಟೀತು. ಮಕ್ಕಳು ಕಣ್ಣಿಗೆ ಕನ್ನಡಕ ಹಾಕಿ, ಎರಡು ಮಾರು ದೂರ ನಿಂತು ನೋಡಲಿ.