ಮೈನಸ್ ನಾಲ್ಕು

ಅಕ್ಟೋಬರ್ ಕೊನೆಯ ವಾರ ಅಕ್ಕ ಫೋನ್ ಮಾಡಿ, "ನೀನು ಹಾಡುಗಳ ಮೇಲೇ ತಾನೆ ಪಿಎಚ್‌ಡಿ ಮಾಡ್ತಿರೋದು? ಬಂದು ಇವನಿಗೊಂದು ಹಾಡು ಆರಿಸಿಕೊಡು" ಅಂದಳು. ನಾನು ಕೆಲಸ ಮಾಡುತ್ತಿರುವುದು ಕನ್ನಡದ ಭಾವಗೀತೆಗಳು ಕ್ಯಾಸೆಟ್ಟಿನ ಮೂಲಕ ಮನೆಮನೆಗೆ ತಲುಪಿದ ಬಗೆಯ ಕುರಿತು. 1978ರಲ್ಲಿ ಬಂದ 'ನಿತ್ಯೋತ್ಸವ'ದಿಂದ ಮೊದಲ್ಗೊಂಡು ಬರೆಯುತ್ತಿದ್ದೇನೆ. ಹಾಡಿನ ಬಗ್ಗೆ ಬರೆಯುವುದಕ್ಕೂ ಹಾಡುವುದಕ್ಕೂ ಸಂಬಂಧವಿಲ್ಲ ಎಂದು ಅಕ್ಕನಿಗೆ ಹೇಳಿ ಪ್ರಯೋಜನವಿರಲಿಲ್ಲ. ಶನಿವಾರ ಹಾಸ್ಟೆಲಿನಿಂದ ಹೊರಟೆ.

ಅವರ ಬಡಾವಣೆಯಲ್ಲಿ ಪ್ರತಿ ವರ್ಷ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಕರೆಸುತ್ತಿದ್ದರಂತೆ. ಈ ಸಲ ದುಡ್ಡು ಸಾಲದೆ ಎರಡು ಸ್ಪೀಕರು, ಒಂದು ಲ್ಯಾಪ್‌ಟಾಪು, ಮಕ್ಕಳಿಗೆ ಕರೋಕೆ ಎಂದು ತೀರ್ಮಾನಿಸಿದ್ದರು. ಹದಿಮೂರು ವರ್ಷದ ನನ್ನ ಸೋದರಳಿಯನ ಹೆಸರನ್ನು ಅವನನ್ನು ಕೇಳದೆಯೇ ಬರೆಸಿಯಾಗಿತ್ತು. ನಾನು ಚಪ್ಪಲಿ ಬಿಡುವ ಮೊದಲೇ ಹುಡುಗ ಪಿಸುಗುಟ್ಟಿದ: "ಮಾಮ, ನಾನು ಹಾಡಲ್ಲ ಅಂತ ಅಮ್ಮಂಗೆ ಹೇಳು ಪ್ಲೀಸ್." ಆ ಒಂದು ವಾಕ್ಯದಲ್ಲೇ ಅವನ ದನಿ ಎರಡು ಸಲ ಒಡೆಯಿತು.

ನನಗೆ ಎದೆ ಧಸಕ್ಕೆಂದಿತು. ಒಂಬತ್ತನೇ ಕ್ಲಾಸಿನಲ್ಲಿ ನಾಡಗೀತೆಯ ಗುಂಪಿನಲ್ಲಿದ್ದ ನನಗೆ ಮೇಷ್ಟ್ರೊಬ್ಬರು, "ನೀನು ಬರೀ ತುಟಿ ಆಡ್ಸು, ಸಾಕು" ಎಂದಿದ್ದರು. ಅವರು ಕೆಟ್ಟವರೇನಲ್ಲ, ಮರುದಿನ ಬಹುಶಃ ಮರೆತೂ ಇದ್ದಾರು. ನಾನು ಮಾತ್ರ ಆವತ್ತಿನಿಂದ ತುಟಿಯನ್ನಷ್ಟೇ ಆಡಿಸುತ್ತಾ ಬಂದಿದ್ದೇನೆ, ಮದುವೆ ಮನೆಯಲ್ಲಿ, ಭಜನೆಯಲ್ಲಿ, ವಿಚಾರ ಸಂಕಿರಣಗಳ ಪ್ರಾರ್ಥನೆಯಲ್ಲಿ.

ಅಕ್ಕ ಆರಿಸಿಟ್ಟಿದ್ದು 'ಮುಂಗಾರು ಮಳೆ' ಕಾಲದ, ಸೋನು ನಿಗಮ್ ಹಾಡಿದ ಹಾಡು. ಅದು ಅವಳ ಕಾಲೇಜು ದಿನಗಳ ಹಾಡು, ಹುಡುಗನದಲ್ಲ. ಎಲ್ಲ ಮನೆಗಳಲ್ಲೂ ಹೀಗೇ ಆಗುತ್ತದೆ ಅನ್ನಿಸುತ್ತದೆ: ಮಕ್ಕಳ ಬಾಯಲ್ಲಿ ನಾವು ನಮ್ಮ ಹಾಡು ಕೇಳಬೇಕು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಎಲ್ಲರಿಗೂ ಗೊತ್ತಿರುವ ಹಾಡು ಸುಲಭದ ಹಾಡು ಎಂದು ನಾವು ಅಂದುಕೊಳ್ಳುತ್ತೇವೆ. ಎಸ್ಪಿಬಿ, ಜಾನಕಿ, ಸೋನು ಅವರಿಗೆಂದು ಸಂಯೋಜಿಸಿದ ಹಾಡು ಕೇಳಲು ಹಗುರ ಅನ್ನಿಸುವುದು ಅವರ ಶ್ರಮ ನಮಗೆ ಕಾಣದಿರುವುದರಿಂದ. ಹುಡುಗ ಪಲ್ಲವಿ ದಾಟಿದ, ಚರಣದಲ್ಲಿ ದನಿ ಕೀರಲಾಯಿತು, ಫೋನನ್ನು ಮಂಚದ ಮೇಲೆ ಎಸೆದು ಟೆರೇಸಿಗೆ ಹೋದ.

ನಾನೂ ಹಿಂದೆ ಹೋದೆ. ಈ ವಯಸ್ಸಿನಲ್ಲಿ ಗಂಡುಮಕ್ಕಳ ಗಂಟಲಗೂಡು ದೊಡ್ಡದಾಗುತ್ತದೆ, ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ, ಕೊನೆಗೆ ದನಿ ಹೆಚ್ಚುಕಡಿಮೆ ಒಂದು ಸ್ಥಾಯಿ ಕೆಳಗಿಳಿದು ನಿಲ್ಲುತ್ತದೆ. ಹೆಣ್ಣುಮಕ್ಕಳ ದನಿಯೂ ಬದಲಾಗುತ್ತದೆ, ಒಂದಿಷ್ಟು ಕಾಲ ಗಾಳಿ ಬೆರೆತಂತೆ ಕೇಳುತ್ತದೆ, ಆದರೆ ಅದನ್ನು ಯಾರೂ ಗಮನಿಸುವುದಿಲ್ಲ. ಇದನ್ನೆಲ್ಲ ಹೇಳಿದೆ. "ಅಂದ್ರೆ ನಂದು ರಿಪೇರಿ ಆಗತ್ತಾ?" ಅಂದ. ಕೆಟ್ಟಿದ್ದರೆ ತಾನೇ ರಿಪೇರಿ, ಅಂದೆ. ಹದಿನಾಲ್ಕು ವರ್ಷದ ಹಿಂದೆ ನನಗಿದು ಗೊತ್ತಿರಲಿಲ್ಲ.

ಫೋನಿನಲ್ಲಿ ಹಾರ್ಮೋನಿಯಂ ಆ್ಯಪ್ ಹಾಕಿ ಅವನ ದನಿ ಎಲ್ಲಿಂದ ಎಲ್ಲಿಗೆ ಆರಾಮವಾಗಿ ಓಡಾಡುತ್ತದೆ ಎಂದು ನೋಡಿದೆವು. ಒಂದು ಸ್ಥಾಯಿಯೂ ಪೂರ್ತಿ ಇರಲಿಲ್ಲ. ಇದ್ದಷ್ಟರಲ್ಲೇ ಹಾಡು ಹುಡುಕಬೇಕಿತ್ತು. ಮೊದಲ ಸಾಲೇ ಮೇಲಿನ ಸ್ವರದಲ್ಲಿ ಶುರುವಾಗಬಾರದು, ಏಕೆಂದರೆ ಹೆದರಿಕೆಯಲ್ಲಿ ದನಿ ಇನ್ನೂ ಮೇಲೇರುತ್ತದೆ. ಸಾಲುಗಳು ಚಿಕ್ಕದಿರಬೇಕು, ನಡುವೆ ಉಸಿರಿಗೆ ಜಾಗ ಬೇಕು. ಇನ್ನೊಂದು ಸಂಗತಿ ಆಮೇಲೆ ಹೊಳೆಯಿತು, ನಡುವಿನ ವಾದ್ಯಸಂಗೀತ ಉದ್ದವಿರಬಾರದು. ಹಾಡುವಾಗ ಹುಡುಗ ಹೇಗೋ ನಿಂತಿರುತ್ತಾನೆ. ಪಿಟೀಲುಗಳು ಮುಕ್ಕಾಲು ನಿಮಿಷ ಮೊಳಗುತ್ತಿರುವಾಗ ಮೈಕು ಹಿಡಿದು ಕೈಕಾಲು ಎಲ್ಲಿಡಬೇಕೆಂದು ತೋಚದೆ ನಿಲ್ಲುವುದಿದೆಯಲ್ಲ, ಅದೇ ನಿಜವಾದ ಶಿಕ್ಷೆ.

ಕೊನೆಗೆ ಅವನೇ ಆರಿಸಿದ. 'ಭಾಗ್ಯವಂತ' ಚಿತ್ರಕ್ಕೆ ಪುನೀತ್ ರಾಜ್‌ಕುಮಾರ್ ಪುಟ್ಟ ಬಾಲಕನಾಗಿದ್ದಾಗ ಹಾಡಿದ ಹಾಡು. 2021ರ ಅಕ್ಟೋಬರ್ 29ರಂದು ಅಪ್ಪು ಹೋದಮೇಲೆ ರಾಜ್ಯೋತ್ಸವದ ಹೊತ್ತಿಗೆಲ್ಲ ಅದು ಬೀದಿಬೀದಿಯಲ್ಲೂ ಕೇಳಿಸುತ್ತಲೇ ಇರುತ್ತದೆ. ನಿಧಾನದ ಹಾಡು. ಆದರೆ ಅದು ಮಗುವಿನ ಶ್ರುತಿ, ಇವನಿಗೆ ಎತ್ತರ. ಆ್ಯಪಿನಲ್ಲಿ ಶ್ರುತಿ ಇಳಿಸುವ ಗುಂಡಿ ಇತ್ತು. ಮೈನಸ್ ಒಂದು, ಎರಡು, ಮೂರು. ನಾಲ್ಕಕ್ಕೆ ಬಂದಾಗ ಹುಡುಗನ ಹುಬ್ಬು ಸಡಿಲವಾದವು. ಕ್ಯಾಸೆಟ್ಟಿನ ಕಾಲದಲ್ಲಿ ಇದು ಆಗುತ್ತಿರಲಿಲ್ಲ, ಶ್ರುತಿ ಇಳಿಸಲು ಹೋದರೆ ಹಾಡೇ ತೂಕಡಿಸುತ್ತಿತ್ತು.

ಪರದೆಯ ಮೇಲೆ ಸಾಹಿತ್ಯ ಇಂಗ್ಲಿಷ್ ಅಕ್ಷರದಲ್ಲಿ ಓಡುತ್ತಿತ್ತು. ದೀರ್ಘ ಯಾವುದು, ಹ್ರಸ್ವ ಯಾವುದು ತಿಳಿಯದೆ ಅವನು ತಡವರಿಸಿದ. ನೋಟ್‌ಬುಕ್ಕಿನ ಹಾಳೆಯಲ್ಲಿ ಕನ್ನಡದಲ್ಲೇ ಬರೆದುಕೊಂಡು, ಉಸಿರೆಳೆಯುವ ಕಡೆ ಕೆಂಪು ಗೀಟು ಹಾಕಿದೆವು.

ಕರೋಕೆ ಎಂದರೆ ಜಪಾನಿ ಭಾಷೆಯಲ್ಲಿ ಖಾಲಿ ಆರ್ಕೆಸ್ಟ್ರಾ. ಕೋಬೆ ನಗರದ ಬಾರುಗಳಲ್ಲಿ ಗಿರಾಕಿಗಳ ಹಾಡಿಗೆ ಕೀಬೋರ್ಡ್ ನುಡಿಸುತ್ತಿದ್ದ ಇನೊಯೆ ದೈಸುಕೆ, ಪ್ರವಾಸಕ್ಕೆ ಹೊರಟಿದ್ದ ಗಿರಾಕಿಯೊಬ್ಬನ ಜೊತೆ ಹೋಗಲಾಗದೆ, ಅವನಿಗೆ ಬೇಕಾದ ವಾದ್ಯಸಂಗೀತವನ್ನು ಟೇಪಿನಲ್ಲಿ ತುಂಬಿಸಿಕೊಟ್ಟನಂತೆ. ಅದರಿಂದ ಹುಟ್ಟಿದ್ದು 1971ರ ಅವನ ಯಂತ್ರ. ಪೇಟೆಂಟ್ ಮಾಡಿಸಲಿಲ್ಲ. 2004ರಲ್ಲಿ ಅವನಿಗೆ ಇಗ್ ನೊಬೆಲ್ ಎಂಬ ತಮಾಷೆಯ ಶಾಂತಿ ಪ್ರಶಸ್ತಿ ಬಂತು. ತಮಾಷೆ ಇರಲಿ, ಹಾಡುಗಾರನಲ್ಲದ ಒಬ್ಬನಿಗಾಗಿ ಮಾಡಿದ ಟೇಪು ಅದು ಎಂಬುದು ನನಗೆ ಇಷ್ಟವಾಯಿತು. ಆದರೆ ಒಂದು ಕೊರತೆ ಉಳಿದೇ ಇದೆ. ನಮ್ಮ ಭಜನೆ ಮನೆಯ ಹಾರ್ಮೋನಿಯಂ ಅಜ್ಜ ಯಾರಾದರೂ ತಪ್ಪಿದರೆ ಕಾಯುತ್ತಿದ್ದರು, ಅವರು ಹಿಡಿದ ಶ್ರುತಿಗೇ ಬೆರಳು ಸರಿಸುತ್ತಿದ್ದರು. ಟ್ರ್ಯಾಕು ಯಾರಿಗೂ ಕಾಯುವುದಿಲ್ಲ.

ಭಾನುವಾರ ಸಂಜೆ ಎಂಟನೆಯವನಾಗಿ ಅವನ ಸರದಿ. ಅದಕ್ಕೆ ಮುಂಚೆ ಮೇಲಿನ ಮನೆಯ ಹುಡುಗಿ ನಾಲ್ಕು ಸಾಲಿಗೇ ಅಳುತ್ತಾ ಇಳಿದಿದ್ದಳು. ಅವಳಿಗೂ ಎತ್ತರದ ಹಾಡು ಕೊಟ್ಟಿದ್ದರು. ಇವನು ಹಾಳೆ ಹಿಡಿದು ನಿಂತ. ಲ್ಯಾಪ್‌ಟಾಪ್ ಹುಡುಗನಿಗೆ ಮೈನಸ್ ನಾಲ್ಕು ಎಂದು ನಾನು ಎರಡೆರಡು ಸಲ ಹೇಳಿಬಂದೆ. ಎರಡನೇ ಚರಣದಲ್ಲಿ ದನಿ ಒಡೆಯಿತು, ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹುಡುಗ ಒಂದು ಸಾಲು ಬಿಟ್ಟು, ಕೆಂಪು ಗೀಟಿರುವ ಕಡೆ ಉಸಿರೆಳೆದು, ಮುಂದಿನ ಸಾಲಿಗೆ ಸೇರಿಕೊಂಡ. ಚಪ್ಪಾಳೆ ಎಲ್ಲರಿಗೆ ಬಿದ್ದಷ್ಟೇ ಬಿತ್ತು.

ಊಟದ ಸಾಲಿನಲ್ಲಿ ತಟ್ಟೆ ಹಿಡಿದು ಬಂದವನು, "ಮಾಮ, ನೀನು ಕೆಳಗೆ ನಿಂತು ಬಾಯಿ ಆಡಿಸ್ತಿದ್ದೆ, ನೋಡ್ದೆ. ದನಿ ಯಾಕೆ ಬರ್ಲಿಲ್ಲ?" ಅಂದ. ಗದ್ದಲದಲ್ಲಿ ಕೇಳಿಸಿರಲಿಕ್ಕಿಲ್ಲ, ಅಂದೆ. ಅವನು ನಂಬಲಿಲ್ಲ.

ಹಾಸ್ಟೆಲಿಗೆ ವಾಪಸು ಬಂದ ರಾತ್ರಿ ರೂಮ್‌ಮೇಟ್ ಊರಿಗೆ ಹೋಗಿದ್ದ. ಅದೇ ಟ್ರ್ಯಾಕ್ ಹಾಕಿದೆ. ನನಗೆ ಮೈನಸ್ ನಾಲ್ಕೂ ಎತ್ತರವಾಯಿತು. ಆರಕ್ಕೆ ಇಳಿಸಿ, ಕಿಟಕಿ ಮುಚ್ಚಿ, ಮತ್ತೆ ಮೊದಲಿಂದ ಹಾಕಿದೆ.