ಎತ್ತಿನ ಹಲ್ಲು ನೋಡುವವರು ಇಲ್ಲೇಕೆ ನೋಡಲಿಲ್ಲ?

ನಮ್ಮ ಶಹಾಪುರ, ಸುರಪುರದ ಕಡೆಯ ರೈತನು ಸಂತೆಯಲ್ಲಿ ಎತ್ತು ಕೊಳ್ಳುವಾಗ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ನಡೆಸಿ ನೋಡುತ್ತಾನೆ, ನಾಲ್ಕು ಜನರನ್ನು ವಿಚಾರಿಸುತ್ತಾನೆ. ಅದೇ ರೈತನು ತೊಗರಿ ಮಾರಿ ಬಂದ ವರ್ಷದ ದುಡಿಮೆಯನ್ನು, ತಾನೆಂದೂ ಕಾಣದ ಸಂಸ್ಥೆಯೊಂದಕ್ಕೆ ಒಂದೇ ಸಂಜೆಯಲ್ಲಿ ಒಪ್ಪಿಸಿಬಿಡುತ್ತಾನೆ. ಇದು ಬುದ್ಧಿಯ ಕೊರತೆಯಲ್ಲ. 1720ರಲ್ಲಿ ಇಂಗ್ಲೆಂಡಿನ ಸೌತ್ ಸೀ ಕಂಪನಿಯ ಷೇರುಗಳು ಕುಸಿದಾಗ ಹಣ ಕಳೆದುಕೊಂಡವರಲ್ಲಿ ಮಹಾವಿಜ್ಞಾನಿ ನ್ಯೂಟನ್ ಕೂಡ ಇದ್ದರು.

2019ರ ಜೂನ್ ತಿಂಗಳನ್ನು ಕರ್ನಾಟಕದ ಮುಸ್ಲಿಮರು ಮರೆಯಲಾರರು. ಹಲಾಲ್ ಹೂಡಿಕೆಯ ಹೆಸರಿನಲ್ಲಿ ಬೆಳೆದಿದ್ದ ಬೆಂಗಳೂರಿನ ಐಎಂಎ ಸಂಸ್ಥೆ ಕುಸಿದುಬಿತ್ತು. ಸಾವಿರಾರು ಕೋಟಿ ರೂಪಾಯಿಗಳ ವಂಚನೆಯ ಆರೋಪ ಎದ್ದಿತು. ಶಿವಾಜಿನಗರದಲ್ಲಿ ದೂರು ಹಿಡಿದು ಸಾಲುಗಟ್ಟಿ ನಿಂತವರಲ್ಲಿ ಬುರ್ಖಾಧಾರಿ ತಾಯಂದಿರಿದ್ದರು, ನಿವೃತ್ತರಿದ್ದರು. ಬಡ್ಡಿಯ ಪಾಪಕ್ಕೆ ಅಂಜಿ ಬ್ಯಾಂಕಿನಿಂದ ದೂರವಿದ್ದ ಸಜ್ಜನರೇ ಅಲ್ಲಿ ಹೆಚ್ಚು ನೊಂದರು.

ಇಂತಹ ಗುಳ್ಳೆ ಊದಿಕೊಳ್ಳುವುದು ಕೇವಲ ದುರಾಸೆಯಿಂದಲ್ಲ. ಮೊದಲು ನೆರೆಮನೆಗೆ ಲಾಭ ಬರುತ್ತದೆ. ಅವರ ಸಂತಸ ನಮ್ಮ ಮನೆಯಲ್ಲಿ ಪಶ್ಚಾತ್ತಾಪವಾಗುತ್ತದೆ. ಬಳಿಕ ಬಂಧುಗಳು ಸೇರುತ್ತಾರೆ. ಇಷ್ಟು ಜನ ಸೇರಿದ್ದಾರೆಂದರೆ ಯಾರೋ ಒಬ್ಬರು ಪರಿಶೀಲಿಸಿರಬೇಕೆಂದು ಪ್ರತಿಯೊಬ್ಬರೂ ಭಾವಿಸುತ್ತಾರೆ. ವಾಸ್ತವದಲ್ಲಿ ಯಾರೂ ಪರಿಶೀಲಿಸಿರುವುದಿಲ್ಲ. ಹೊಸಬರ ಅಸಲೇ ಹಳಬರಿಗೆ ಲಾಭವಾಗಿ ಸಂದಾಯವಾಗುತ್ತಿದ್ದರೂ, ಕೈಗೆ ಬಂದ ನೋಟು ಎಲ್ಲ ಅನುಮಾನಗಳ ಬಾಯಿ ಮುಚ್ಚಿಸುತ್ತದೆ.

ಇದನ್ನು ದೂರದಿಂದ ನೋಡಿ ಬರೆಯುತ್ತಿಲ್ಲ. ಹಲವು ವರ್ಷಗಳ ಹಿಂದೆ, ಬೇರೊಂದು ಸಂಸ್ಥೆಯ ವಿಷಯದಲ್ಲಿ, ಮಗಳ ಮದುವೆಗೆ ಹಣ ಕೂಡಿಟ್ಟಿದ್ದ ತಾಯಿಯೊಬ್ಬರು ನಮ್ಮನ್ನು ಕೇಳಿದ್ದರು: "ಉಸ್ತಾದರೇ, ಇದು ಹಲಾಲ್ ತಾನೇ?" ಪ್ರತಿ ತಿಂಗಳೂ ಅಷ್ಟೇ ಮೊತ್ತ, ಅದೇ ದಿನಾಂಕಕ್ಕೆ ಬರುತ್ತದೆಂದು ಅವರು ಹೇಳಿದಾಗ ನಮ್ಮ ಮನಸ್ಸು ಅಳುಕಿತು. ಮುದಾರಬಾದಲ್ಲಿ ಪೂರ್ವನಿಶ್ಚಿತ ಮೊತ್ತದ ಖಾತರಿ ಇರಕೂಡದೆಂದು ಮದ್ರಸಾದಲ್ಲಿ ಓದಿದವರು ನಾವು. ಹೊಲದ ತೊಗರಿಯೇ ಎರಡು ವರ್ಷ ಒಂದೇ ಸಮನೆ ಬೆಳೆಯದಿರುವಾಗ ಯಾವ ವ್ಯಾಪಾರ ಹಾಗೆ ಫಲ ಕೊಟ್ಟೀತು? ಆದರೆ ಮೊಹಲ್ಲಾದ ಹಿರಿಯರು ಹಣ ಹಾಕಿದ್ದರು. ಅವರ ಮನ ನೋಯಿಸಲು ಅಂಜಿ, "ಖೈರ್ ಇರಬಹುದು" ಎಂದೆವು. ಆ ತಾಯಿಯ ಹಣ ಮರಳಲಿಲ್ಲ. ಅವರು ನಮ್ಮನ್ನು ಒಮ್ಮೆಯೂ ದೂರಲಿಲ್ಲ. ಎದುರಾದಾಗ ಇಂದಿಗೂ ಮೊದಲು ಸಲಾಮ್ ಹೇಳುವವರು ಅವರೇ. ಆ ಸಲಾಮಿಗೆ ಉತ್ತರಿಸುವುದು ನಮಗೆ ಸುಲಭವಲ್ಲ.

ಪವಿತ್ರ ಕುರ್‌ಆನಿನ ಅತಿ ದೀರ್ಘ ವಚನ ಯಾವ ವಿಷಯದ್ದೆಂಬುದನ್ನು ಗಮನಿಸಬೇಕು. ಅಲ್‌ಬಕರಾ ಅಧ್ಯಾಯದ 282ನೆಯ ಆ ವಚನವು, ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು ಎಂದು ವಿಶ್ವಾಸಿಗಳಿಗೇ ಆದೇಶಿಸುತ್ತದೆ. ವಿಶ್ವಾಸಿಗಳ ನಡುವೆಯೂ ಬರಹ ಬೇಕೆಂದ ಮೇಲೆ, ಲೆಕ್ಕ ಕೇಳುವುದು ಅವಿಶ್ವಾಸವಲ್ಲ, ಅದು ಆಜ್ಞಾಪಾಲನೆ. ಹಣ ಎಲ್ಲಿ ದುಡಿಯುತ್ತದೆ? ನಷ್ಟವಾದರೆ ಯಾರು ಹೊರುತ್ತಾರೆ? ಲೆಕ್ಕ ಪರಿಶೀಲಿಸಿದವರು ಯಾರು? ಗಡ್ಡ, ಟೋಪಿ, ಬಿಸ್ಮಿಲ್ಲಾ ಬರೆದ ಫಲಕ ಈ ಪ್ರಶ್ನೆಗಳಿಗೆ ಉತ್ತರವಲ್ಲ. ನಮ್ಮಂತಹವರ ಬಾಯಿಮಾತೂ ಉತ್ತರವಲ್ಲ.

ತಿಳಿದ ಸತ್ಯವನ್ನು ಸಕಾಲದಲ್ಲಿ ನುಡಿಯುವ ಧೈರ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ, ನಮ್ಮ ಮೌನವನ್ನು ಕ್ಷಮಿಸಲಿ. ಆಮೀನ್.